ಅಲೆಗಿಂತ ಮೊದಲು ಬಂದ ಕಡತ

ಸರಕಾರಿ ಕಚೇರಿಯಲ್ಲಿ ನಾಲ್ಕು ದಿನ ಕೆಲಸ ಮಾಡಿದವರಿಗೆಲ್ಲ ಒಂದು ಗುಟ್ಟು ಗೊತ್ತು. ಒಂದು ಕಡತವನ್ನು ಮೂಲೆಗೆ ಸೇರಿಸಬೇಕಾದರೆ ಅದರ ಮೇಲೆ ‘ಆಗದು’ ಎಂದು ಬರೆಯಬೇಕಾಗಿಲ್ಲ. ಹಾಗೆ ಬರೆದರೆ ನಾಳೆ ಯಾರಾದರೂ ‘ಏಕೆ ಆಗದು?’ ಎಂದು ಕೇಳಿಯಾರು. ‘ಹೆಚ್ಚಿನ ಪರಿಶೀಲನೆಗಾಗಿ ತಜ್ಞರಿಗೆ ಕಳುಹಿಸಬಹುದು’ ಎಂದು ಒಂದು ಸಾಲು ಬರೆದು ರುಜು ಹಾಕಿದರೆ ಸಾಕು. ಕಡತ ಸತ್ತಂತೆಯೂ ಅಲ್ಲ, ಬದುಕಿದಂತೆಯೂ ಅಲ್ಲ. ಈಗ ಕಡತಗಳು ಕಪಾಟಿನಿಂದಿಳಿದು ಕಂಪ್ಯೂಟರನ್ನು ಏರಿವೆ. ಆ ಸಾಲು ಮಾತ್ರ ಇದ್ದ ಹಾಗೆಯೇ ಇದೆ.

ಗುಮಾಸ್ತನೊಬ್ಬನು ಪರಮಾಣು ವಿದ್ಯುತ್ತಿನ ವಿಷಯವನ್ನು ಎತ್ತಿಕೊಂಡುದೇಕೆ ಎಂದು ವಾಚಕರು ಹುಬ್ಬೇರಿಸಬಹುದು. ನಾನು ಬಿ.ಎ. ಓದಿದವನು, ಪರಮಾಣುವಿಗೂ ನನಗೂ ದೂರದ ನಂಟೂ ಇಲ್ಲ. ಆದರೆ ಜಪಾನಿನ ಫುಕುಶಿಮಾದಲ್ಲಿ ೨೦೧೧ರ ಮಾರ್ಚಿಯಲ್ಲಿ ನಡೆದ ದುರಂತದ ವೃತ್ತಾಂತವನ್ನು ಓದುತ್ತ ಹೋದಂತೆ, ಅದು ಅರ್ಧ ವಿಜ್ಞಾನದ ಕಥೆ, ಇನ್ನರ್ಧ ಕಡತದ ಕಥೆ ಎಂದು ನನಗೆ ತೋರಿತು. ಕಡತದ ಕಥೆ ನಮ್ಮಂಥವರಿಗೆ ತಿಳಿಯದೆ ಇನ್ನಾರಿಗೆ ತಿಳಿಯಬೇಕು?

ವಿಷಯ ನಮಗೆ ದೂರದ್ದೂ ಅಲ್ಲ. ಮುಂಬಯಿಯ ಬಂಧುಗಳಿಗೆ ತಾರಾಪುರವು ನೂರು ಕಿಲೋಮೀಟರಿನ ಆಸುಪಾಸಿನಲ್ಲಿದೆ. ಚೆನ್ನೈಯವರಿಗೆ ಕಲ್ಪಾಕ್ಕಂ ಅದಕ್ಕಿಂತಲೂ ಹತ್ತಿರ. ದಿಲ್ಲಿಯವರಿಗೆ ಗಂಗೆಯ ದಡದ ನರೋರಾ ಇದೆ. ರಜೆಗೆ ಊರಿಗೆ ಹೋದೆವೆಂದರೆ, ಅಲ್ಲಿ ಉತ್ತರ ಕನ್ನಡದ ಕಾಡಿನ ನಡುವೆ, ಕಾಳೀ ನದಿಯ ದಂಡೆಯ ಮೇಲೆ ಕೈಗಾ ಇದೆ. ನಮ್ಮ ಮನೆಯ ದೀಪದಲ್ಲಿ ಪರಮಾಣುವಿನ ಪಾಲೂ ಒಂದಿಷ್ಟಿದೆ.

ಮೊದಲು ನಡೆದುದೇನೆಂಬುದನ್ನು ನೋಡೋಣ. ೨೦೧೧ರ ಮಾರ್ಚಿ ೧೧ರಂದು ಮಧ್ಯಾಹ್ನ ೨ ಗಂಟೆ ೪೬ ನಿಮಿಷಕ್ಕೆ ಜಪಾನಿನ ಪೂರ್ವದ ಕಡಲಲ್ಲಿ ೯ರ ಪ್ರಮಾಣದ ಭೂಕಂಪವಾಯಿತು. ಫುಕುಶಿಮಾ ದಾಯಿಇಚಿ ಸ್ಥಾವರದ ಆರು ಘಟಕಗಳಲ್ಲಿ ಮೂರು ಆಗ ನಡೆಯುತ್ತಿದ್ದುವು. ಭೂಮಿ ನಡುಗಿದ ಕೂಡಲೇ ಆ ಮೂರೂ ತಾವಾಗಿಯೇ ನಿಂತುವು. ಯಂತ್ರ ತನ್ನ ಕರ್ತವ್ಯವನ್ನು ಮಾಡಿತು.

ಆದರೆ ರಿಯಾಕ್ಟರು ನಿಂತ ಮಾತ್ರಕ್ಕೆ ತಣ್ಣಗಾಗುವುದಿಲ್ಲ. ಬಚ್ಚಲೊಲೆಯ ಸೌದೆಯನ್ನು ಹೊರಗೆಳೆದ ಮೇಲೂ ಕೆಂಡದ ಕಾವಿಗೆ ಹಂಡೆಯ ನೀರು ಕುದಿಯುವುದನ್ನು ನಮ್ಮ ತಾಯಂದಿರು ಬಲ್ಲರು. ಹಾಗೆಯೇ, ನಿಂತ ಕ್ಷಣದಲ್ಲಿಯೂ ರಿಯಾಕ್ಟರಿನಲ್ಲಿ ಪೂರ್ಣ ಶಕ್ತಿಯ ನೂರರಲ್ಲಿ ಆರು ಪಾಲಿನಷ್ಟು ಕಾವು ಉಳಿದಿರುತ್ತದೆ. ಅದು ಬರಬರುತ್ತ ಇಳಿಯುತ್ತದೆ; ಆದರೆ ದಿನಗಟ್ಟಲೆ ನೀರು ಹರಿಸುತ್ತಲೇ ಇರಬೇಕು. ನೀರು ಹರಿಸಲು ಪಂಪು ಬೇಕು, ಪಂಪಿಗೆ ವಿದ್ಯುತ್ತು ಬೇಕು. ಊರಿಗೆಲ್ಲ ವಿದ್ಯುತ್ತು ಕೊಡುವ ಮನೆಗೇ ಆಪತ್ಕಾಲದಲ್ಲಿ ವಿದ್ಯುತ್ತಿನ ಭಿಕ್ಷೆ!

ಭೂಕಂಪದಿಂದ ಹೊರಗಿನ ತಂತಿಗಳು ಕಡಿದುಹೋದುವು. ಡೀಸೆಲ್ ಯಂತ್ರಗಳು ಕೂಡಲೇ ಚಾಲೂ ಆದುವು. ಸುಮಾರು ಐವತ್ತು ನಿಮಿಷಗಳ ಮೇಲೆ ಸಮುದ್ರವೇ ಎದ್ದು ಬಂದಿತು. ಸ್ಥಾವರವು ತಡೆದುಕೊಳ್ಳಬೇಕಾದ ಅಲೆಯ ಎತ್ತರವನ್ನು ೫.೭ ಮೀಟರ್ ಎಂದು ಲೆಕ್ಕ ಹಾಕಿದ್ದರು. ಮುಖ್ಯ ಕಟ್ಟಡಗಳ ನೆಲ ಸಮುದ್ರದಿಂದ ೧೦ ಮೀಟರ್ ಎತ್ತರದಲ್ಲಿತ್ತು. ಬಂದ ನೀರು ಅದನ್ನೂ ಮೀರಿ ಸುಮಾರು ೧೫ ಮೀಟರಿನವರೆಗೆ ಏರಿತು. ಡೀಸೆಲ್ ಯಂತ್ರಗಳಲ್ಲಿ ಹೆಚ್ಚಿನವು ನೆಲಮಾಳಿಗೆಯಲ್ಲಿದ್ದುವು. ೧೩ರಲ್ಲಿ ೧೨ ನಿಂತುಹೋದುವು. ಕತ್ತಲೆಯಲ್ಲಿ ಕುಳಿತ ನೌಕರರು ತಮ್ಮ ಕಾರುಗಳ ಬ್ಯಾಟರಿಗಳನ್ನು ಬಿಚ್ಚಿ ತಂದು ಮೀಟರುಗಳಿಗೆ ಜೋಡಿಸಿ, ಒಳಗೆ ಎಷ್ಟು ನೀರಿದೆಯೆಂದು ಓದಲು ಹೆಣಗಾಡಿದರು. ಮೂರು ರಿಯಾಕ್ಟರುಗಳ ಇಂಧನ ಕರಗಿತು. ಅದರಿಂದ ಹುಟ್ಟಿದ ಜಲಜನಕ ೧೨, ೧೪, ೧೫ನೆಯ ತಾರೀಖುಗಳಂದು ಸಿಡಿದು ಕಟ್ಟಡಗಳನ್ನು ಒಡೆಯಿತು.

ಒಂದೂವರೆ ಲಕ್ಷದಷ್ಟು ಜನ ಮನೆಮಠ ಬಿಟ್ಟು ಹೊರಟರು. ವಿಕಿರಣದ ಹೊಡೆತದಿಂದ ಆ ದಿನಗಳಲ್ಲಿ ಅಲ್ಲಿ ಯಾರೂ ಸಾಯಲಿಲ್ಲ. ಆದರೆ ಅನಂತರದ ಅಲೆದಾಟ, ಆಯಾಸ, ತಪ್ಪಿದ ಔಷಧೋಪಚಾರ, ಮನೋವ್ಯಥೆ ಇವುಗಳಿಂದ ಫುಕುಶಿಮಾ ಪ್ರಾಂತವೊಂದರಲ್ಲಿಯೇ ಎರಡು ಸಾವಿರಕ್ಕೂ ಮೇಲ್ಪಟ್ಟು ಜನ ತೀರಿಕೊಂಡರೆಂದು ಅಲ್ಲಿಯ ಸರಕಾರವೇ ಲೆಕ್ಕ ಕೊಟ್ಟಿದೆ. ಬಹುಪಾಲು ಮುದುಕರು. ನಾವೂ ಊರು ಬಿಟ್ಟು ಬಂದವರೇ. ಆದರೆ ನಮ್ಮ ಊರು ನಮಗಾಗಿ ಇದೆ; ಗೌರಿ ಹಬ್ಬಕ್ಕೋ ತೇರಿಗೋ ಹೋಗಿ ಬರಬಹುದು. ತನ್ನ ಮನೆ ನಿಂತೇ ಇದೆ, ಬೀಗದ ಕೈ ಸೊಂಟದಲ್ಲೇ ಇದೆ, ಆದರೂ ಹೊಸ್ತಿಲು ದಾಟಕೂಡದು ಎಂದರೆ ಮುದಿ ಜೀವಕ್ಕೆ ಹೇಗಾಗಿರಬೇಕು!

ಇನ್ನು ಕಡತದ ಕಥೆಗೆ ಬರುತ್ತೇನೆ. ಆ ಸಮುದ್ರದಂಚಿನಲ್ಲಿ ಎಲ್ಲಿ ಬೇಕಾದರೂ ಭಾರಿ ಅಲೆಯನ್ನೆಬ್ಬಿಸುವ ಭೂಕಂಪವಾಗಬಹುದೆಂದು ಜಪಾನ್ ಸರಕಾರದ್ದೇ ಆದ ಭೂಕಂಪ ಸಂಶೋಧನಾ ಮಂಡಲಿ ೨೦೦೨ರಲ್ಲಿ ಹೇಳಿತ್ತು. ಅದನ್ನು ಆಧಾರವಾಗಿಟ್ಟುಕೊಂಡು ಸ್ಥಾವರದ ಒಡೆಯರಾದ ಟೋಕಿಯೋ ವಿದ್ಯುತ್ ಕಂಪನಿಯವರು ೨೦೦೮ರಲ್ಲಿ ತಾವೇ ಲೆಕ್ಕ ಹಾಕಿಸಿದರು. ಉತ್ತರ ಬಂತು: ೧೫.೭ ಮೀಟರ್. ನಿಜವಾಗಿ ಬಂದ ಅಲೆಗೆ ಎಷ್ಟು ಹತ್ತಿರದ ಅಂಕೆ ನೋಡಿ. ಕಂಪನಿಯ ಹಿರಿಯರು ಅದನ್ನು ಸುಳ್ಳೆನ್ನಲಿಲ್ಲ. ಹೆಚ್ಚಿನ ಪರಿಶೀಲನೆಗೆಂದು ಸಿವಿಲ್ ಇಂಜಿನಿಯರುಗಳ ಸಂಘಕ್ಕೆ ಕಳುಹಿಸಲು ತೀರ್ಮಾನಿಸಿದರು. ಗೋಡೆ ಏಳಲಿಲ್ಲ, ಡೀಸೆಲ್ ಯಂತ್ರ ಮಾಳಿಗೆ ಏರಲಿಲ್ಲ. ಆ ಅಂಕೆಯನ್ನು ಸರಕಾರದ ತಪಾಸಣಾ ಸಂಸ್ಥೆಗೆ ತಿಳಿಸಿದುದು ೨೦೧೧ರ ಮಾರ್ಚಿ ೭ರಂದು. ಅಲೆ ಬಂದುದು ನಾಲ್ಕು ದಿನಗಳ ಮೇಲೆ.

ಹಾಗಾದರೆ ಆ ತಪಾಸಣಾ ಸಂಸ್ಥೆ ಅದುವರೆಗೆ ಏನು ಮಾಡುತ್ತಿತ್ತು? ಅದರ ಹೆಸರೇನೋ ಸುರಕ್ಷತಾ ಸಂಸ್ಥೆ. ಆದರೆ ಅದು ಇದ್ದುದು ಪರಮಾಣು ವಿದ್ಯುತ್ತನ್ನು ಬೆಳೆಸಬೇಕೆಂದು ಪಣತೊಟ್ಟ ಕೈಗಾರಿಕಾ ಸಚಿವಾಲಯದ ಒಳಗೇ. ಈ ವರ್ಷ ಸ್ಥಾವರಗಳಿಗೆ ಪ್ರೋತ್ಸಾಹ ಕೊಡುವ ಮೇಜಿನಲ್ಲಿದ್ದ ಅಧಿಕಾರಿ ಮುಂದಿನ ವರ್ಷ ತಪಾಸಣೆಯ ಮೇಜಿಗೆ ವರ್ಗವಾಗಿ ಬರುವನು, ಮತ್ತೆ ಹಳೆಯ ಮೇಜಿಗೆ ಹೋಗುವನು. ನಿವೃತ್ತರಾದ ಮೇಲೆ ಹಿರಿಯರು ಅವೇ ಕಂಪನಿಗಳಲ್ಲಿ ಹುದ್ದೆ ಹಿಡಿಯುವುದುಂಟು. ಇದಕ್ಕೆ ಆ ದೇಶದಲ್ಲಿ ‘ಅಮಾಕುದಾರಿ’, ಎಂದರೆ ಸ್ವರ್ಗದಿಂದ ಇಳಿದು ಬರುವುದು ಎಂಬ ಹೆಸರೇ ಇದೆ. ನಾಳೆ ಯಾವ ಮನೆಯ ಎಲೆಯ ಮುಂದೆ ಕೂರಬೇಕೋ ಆ ಮನೆಯ ಅಡಿಗೆಯಲ್ಲಿ ಇಂದು ಕಲ್ಲು ಹುಡುಕುವವರು ವಿರಳ.

ಇದಕ್ಕೂ ಮುಂಚಿನ ಒಂದು ಪ್ರಸಂಗವಿದೆ. ಇದೇ ಕಂಪನಿಯ ಸ್ಥಾವರಗಳಲ್ಲಿ ತಪಾಸಣೆಯ ದಾಖಲೆಗಳನ್ನು ತಿದ್ದಲಾಗಿದೆಯೆಂದು, ಅಲ್ಲಿ ಕೆಲಸ ಮಾಡಿದ ಇಂಜಿನಿಯರೊಬ್ಬರು ೨೦೦೦ದಲ್ಲಿ ಸರಕಾರಕ್ಕೆ ಪತ್ರ ಬರೆದರು. ವಿಷಯ ಬಯಲಾಗಲು ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ದೂರಿತ್ತವರ ಹೆಸರನ್ನು ಸರಕಾರದವರೇ ಕಂಪನಿಗೆ ತಿಳಿಸಿಬಿಟ್ಟಿದ್ದರು! ಕೊನೆಗೆ ಕಂಪನಿಯ ಅಧ್ಯಕ್ಷರು ರಾಜೀನಾಮೆಯಿತ್ತರು. ೨೦೦೩ರಲ್ಲಿ ಅದರ ೧೭ ರಿಯಾಕ್ಟರುಗಳೂ ತಪಾಸಣೆಗಾಗಿ ನಿಂತುವು. ಎಚ್ಚರಿಕೆಯ ಗಂಟೆ ಇದಕ್ಕಿಂತ ಜೋರಾಗಿ ಬಾರಿಸಲಾರದು.

ಜಪಾನಿನಲ್ಲಿ ಬೇರೆ ಬಗೆಯ ಜನರೂ ಇದ್ದರೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಆ ಭೂಕಂಪದ ಕೇಂದ್ರಕ್ಕೆ ಫುಕುಶಿಮಾಗಿಂತಲೂ ಹತ್ತಿರದಲ್ಲಿ ಒನಗಾವಾ ಎಂಬ ಸ್ಥಾವರವಿದೆ. ಅದನ್ನು ಕಟ್ಟುವಾಗ ಯಾನೊಸುಕೆ ಹಿರಾಯಿ ಎಂಬ ಹಿರಿಯ ಇಂಜಿನಿಯರು ಹಿಂದಿನ ಶತಮಾನಗಳ ಅಲೆಗಳನ್ನು ನೆನಪಿಗೆ ತಂದು, ನೆಲ ಎತ್ತರವಿರಲೇಬೇಕೆಂದು ಹಟ ಹಿಡಿದರು. ನೆಲವನ್ನು ೧೪.೮ ಮೀಟರಿಗೆ ಇಟ್ಟರು. ೨೦೧೧ರಲ್ಲಿ ಅಲ್ಲಿಗೆ ಬಂದ ಅಲೆ ಸುಮಾರು ೧೩ ಮೀಟರ್. ಘಟಕಗಳು ಕ್ಷೇಮವಾಗಿ ನಿಂತುವು. ಅಷ್ಟೇ ಅಲ್ಲ, ಮನೆ ಕಳೆದುಕೊಂಡ ಸುತ್ತಲಿನ ಊರುಗಳ ಜನ ಆ ಸ್ಥಾವರದ ವ್ಯಾಯಾಮಶಾಲೆಯಲ್ಲಿಯೇ ಆಶ್ರಯ ಪಡೆದರು. ಹಿರಾಯಿಯವರು ೧೯೮೬ರಲ್ಲೇ ತೀರಿಕೊಂಡಿದ್ದರು. ತಮ್ಮ ಹಟದ ಫಲವನ್ನು ಅವರು ಕಾಣಲಿಲ್ಲ.

ಆದರೆ ಪ್ರತಿ ಕಚೇರಿಗೂ ಒಬ್ಬೊಬ್ಬ ಹಿರಾಯಿ ಸಿಕ್ಕುವರೆಂದು ನಂಬಿ ಕೂರಲಾದೀತೆ? ಅಂಥವರಿಲ್ಲದ ಕಡೆಯಲ್ಲಿಯೂ ಕೆಲಸ ಸರಿಯಾಗಿ ನಡೆಯಲೆಂದೇ ಕಾಯಿದೆ, ನಿಯಮ, ಮಂಡಳಿ ಇವೆಲ್ಲ ಇರುವುದು. ಜಪಾನಿನ ಸಂಸತ್ತು ನೇಮಿಸಿದ, ಕಿಯೋಶಿ ಕುರೊಕಾವಾ ಅವರ ಅಧ್ಯಕ್ಷತೆಯ ಆಯೋಗವು ೨೦೧೨ರ ಜುಲೈಯಲ್ಲಿ ವರದಿಯಿತ್ತು, ಈ ದುರಂತ ಮನುಷ್ಯರಿಂದಾದದ್ದೇ ಎಂದು ಸ್ಪಷ್ಟವಾಗಿ ಹೇಳಿತು. ಆ ಸೆಪ್ಟೆಂಬರಿನಲ್ಲಿ ಹಳೆಯ ಸಂಸ್ಥೆಯನ್ನು ಮುಚ್ಚಿ, ಪರಿಸರ ಸಚಿವಾಲಯದ ಆಶ್ರಯದಲ್ಲಿ ಸ್ವತಂತ್ರ ನಿಯಂತ್ರಣ ಪ್ರಾಧಿಕಾರವನ್ನು ಸ್ಥಾಪಿಸಿದರು. ಅದಕ್ಕೆ ಬಂದ ನೌಕರರು ಪರಮಾಣು ವಿದ್ಯುತ್ತನ್ನು ಬೆಳೆಸುವ ಇಲಾಖೆಗೆ ಹಿಂದಿರುಗಕೂಡದೆಂದು ನಿಯಮ ಮಾಡಿದರು. ಈ ಪ್ರಾಧಿಕಾರ ೨೦೨೪ರ ನವೆಂಬರಿನಲ್ಲಿ, ತ್ಸುರುಗಾದ ಎರಡನೆಯ ಘಟಕದ ಕೆಳಗೆ ಭೂಮಿಯ ಬಿರುಕು ಇರಬಹುದೆಂಬ ಕಾರಣಕ್ಕಾಗಿ, ಅದನ್ನು ಮತ್ತೆ ನಡೆಸಕೂಡದೆಂದು ತೀರ್ಪು ಕೊಟ್ಟಿತು. ಹೊಸ ನಿಯಮಗಳು ಬಂದ ಮೇಲೆ ಅದೇ ಮೊದಲನೆಯ ‘ಆಗದು’. ಆ ಒಂದು ಪದಕ್ಕೆ ಎಷ್ಟು ಬೆಲೆ ತೆರಬೇಕಾಯಿತು!

ಅಪರಾಧಿಗಳಿಗೆ ಶಿಕ್ಷೆಯಾಯಿತೆ ಎಂದು ಕೇಳುವಿರಾದರೆ, ಇಲ್ಲ. ಕಂಪನಿಯ ಹಿಂದಿನ ಮುಖ್ಯರ ಮೇಲೆ ನಡೆದ ಕ್ರಿಮಿನಲ್ ಮೊಕದ್ದಮೆಯಲ್ಲಿ ಅವರ ಬಿಡುಗಡೆಯನ್ನು ೨೦೨೫ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಹತ್ತು ರುಜುಗಳಿರುವ ಕಡತದಲ್ಲಿ ಒಬ್ಬ ಅಪರಾಧಿಯನ್ನು ಹುಡುಕುವುದು ಎಷ್ಟು ಕಷ್ಟವೆಂದು ನಾವು ಬಲ್ಲೆವು. ಆದುದರಿಂದ ಶಿಕ್ಷೆಯ ಭಯವೊಂದನ್ನೇ ನಂಬಿಕೊಂಡಿರಲಾಗದು. ತಡೆಯುವ ಕೈ ಮೊದಲೇ ಇರಬೇಕು.

ಈಗ ನಮ್ಮ ಮನೆಯ ಕಡೆ ತಿರುಗೋಣ. ನಮ್ಮಲ್ಲಿಯೂ ಪರೀಕ್ಷೆಯ ದಿನಗಳು ಬಂದಿವೆ. ೧೯೯೩ರ ಮಾರ್ಚಿ ೩೧ರಂದು ನರೋರಾದಲ್ಲಿ ಟರ್ಬೈನಿನ ಅಲಗು ಮುರಿದು ಬೆಂಕಿ ಹತ್ತಿ, ಕೇಬಲುಗಳು ಸುಟ್ಟು, ಸ್ಥಾವರವು ಸುಮಾರು ೧೭ ಗಂಟೆಗಳ ಕಾಲ ವಿದ್ಯುತ್ತಿಲ್ಲದೆ ಕುಳಿತಿತು. ಅಲ್ಲಿಯ ನೌಕರರ ಧೈರ್ಯದಿಂದಲೂ ರಿಯಾಕ್ಟರಿನ ರಚನೆಯ ಗುಣದಿಂದಲೂ ದೊಡ್ಡ ಆಪತ್ತು ತಪ್ಪಿತು. ಮರುವರ್ಷ, ೧೯೯೪ರ ಮೇ ೧೩ರಂದು, ಕೈಗಾದಲ್ಲಿ ಕಟ್ಟುತ್ತಿದ್ದ ಒಂದನೆಯ ಘಟಕದ ಗುಮ್ಮಟದ ಒಳಗಿನ ಕಾಂಕ್ರೀಟು ಕಳಚಿ ಬಿದ್ದಿತು. ಇಂಧನ ತುಂಬುವ ಮೊದಲೇ ಬಿದ್ದುದು ಪುಣ್ಯ. ವಿನ್ಯಾಸವನ್ನು ತಿದ್ದಿ ಮತ್ತೆ ಕಟ್ಟಿದರು. ೨೦೦೦ದಲ್ಲಿ ಆ ಘಟಕ ವಿದ್ಯುತ್ತು ಕೊಡತೊಡಗಿತು. ಮುಂದೆ ಅದೇ ಘಟಕ ೯೬೨ ದಿನ ಎಡೆಬಿಡದೆ ನಡೆದು ೨೦೧೮ರಲ್ಲಿ ಜಗತ್ತಿನ ದಾಖಲೆ ಮಾಡಿತು. ೨೦೦೪ರ ಡಿಸೆಂಬರ್ ೨೬ರ ಸುನಾಮಿಯಲ್ಲಿ ಕಲ್ಪಾಕ್ಕಂನ ಪಂಪುಮನೆಗೆ ನೀರು ನುಗ್ಗಿದಾಗ, ನಡೆಯುತ್ತಿದ್ದ ಘಟಕವನ್ನು ಸುರಕ್ಷಿತವಾಗಿ ನಿಲ್ಲಿಸಿದರು. ನೌಕರರ ವಸತಿಯಲ್ಲಿ ಮಾತ್ರ ಜೀವಹಾನಿಯಾಯಿತು. ನಮ್ಮ ಜನ ಕೆಲಸ ಬಲ್ಲವರೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಫುಕುಶಿಮಾದ ಅನಂತರ ನಮ್ಮ ಸ್ಥಾವರಗಳನ್ನೆಲ್ಲ ಮತ್ತೆ ಪರೀಕ್ಷಿಸಿ, ಹೊರಗಿನಿಂದ ನೀರು ಹಾಯಿಸುವ ಕೊಳವೆಗಳು ಮೊದಲಾದ ಏರ್ಪಾಡುಗಳನ್ನು ಸೇರಿಸಿದರು.

ಕೊರತೆಯಿದ್ದುದು ಬೇರೆಡೆಯಲ್ಲಿ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ೧೯೮೩ರ ನವೆಂಬರಿನಲ್ಲಿ ಸರಕಾರದ ಒಂದು ಆಜ್ಞೆಯಿಂದ ಹುಟ್ಟಿತು. ಅದಕ್ಕೆಂದೇ ಒಂದು ಶಾಸನವಿರಲಿಲ್ಲ. ಅದು ವರದಿ ಒಪ್ಪಿಸಬೇಕಾಗಿದ್ದುದು ಪರಮಾಣು ಶಕ್ತಿ ಆಯೋಗಕ್ಕೆ. ಆಯೋಗದ ಅಧ್ಯಕ್ಷರೇ ಪರಮಾಣು ಶಕ್ತಿ ಇಲಾಖೆಯ ಕಾರ್ಯದರ್ಶಿ. ಸ್ಥಾವರ ನಡೆಸುವ ನಿಗಮವೂ ಅದೇ ಇಲಾಖೆಯದು. ತಪಾಸಣೆ ಮಾಡುವವನ ಟಿಪ್ಪಣಿ ಕೊನೆಗೆ ಯಾರ ಮೇಜಿಗೆ ಹೋಗುತ್ತದೆಂಬುದನ್ನು ವಾಚಕರೇ ಊಹಿಸಲಿ. ೨೦೧೧ರಲ್ಲಿ ಸಂಸತ್ತಿನ ಮುಂದೆ ಬಂದ ಹೊಸ ಪ್ರಾಧಿಕಾರದ ಮಸೂದೆ ಅಂಗೀಕಾರವಾಗದೆ ಬಿದ್ದುಹೋಯಿತು. ೨೦೧೨ರಲ್ಲಿ ಮಹಾಲೇಖಪಾಲರು ಇದೇ ಲೋಪವನ್ನು ಎತ್ತಿ ತೋರಿಸಿದರು. ೨೦೧೫ರಲ್ಲಿ ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ತಜ್ಞರೂ ಮಂಡಳಿಯ ಸ್ವಾತಂತ್ರ್ಯವನ್ನು ಶಾಸನದಲ್ಲಿಯೇ ಬರೆಯಿರೆಂದು ಸಲಹೆಯಿತ್ತರು. ಕೊನೆಗೆ ೨೦೨೫ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ ‘ಶಾಂತಿ’ ಎಂಬ ಕಾಯಿದೆ ಮಂಡಳಿಗೆ ಶಾಸನದ ಆಧಾರವನ್ನು ಕೊಟ್ಟಿದೆ. ಅದೇ ಕಾಯಿದೆ ಖಾಸಗಿ ಕಂಪನಿಗಳಿಗೂ ಈ ಕ್ಷೇತ್ರದ ಬಾಗಿಲನ್ನು ತೆರೆದಿದೆ.

ಶಾಸನ ಬಂದುದು ಸಂತೋಷ. ಆದರೆ ಕಾಯಿದೆಯ ಪುಸ್ತಕಕ್ಕೂ ಕಚೇರಿಯ ರೂಢಿಗೂ ಇರುವ ಅಂತರವನ್ನು ಅರಿತ ನಾನು ಕೆಲವು ಪ್ರಶ್ನೆಗಳನ್ನು ಇಟ್ಟುಕೊಂಡಿದ್ದೇನೆ. ಮಂಡಳಿಯ ಅಧ್ಯಕ್ಷರನ್ನು ಆರಿಸುವವರು ಯಾರು, ತೆಗೆಯಬಲ್ಲವರು ಯಾರು? ಅದರ ಖರ್ಚಿನ ಹಣ ಯಾರ ಕೈಯಿಂದ ಬರುತ್ತದೆ? ಮಂಡಳಿ ‘ನಿಲ್ಲಿಸಿ’ ಎಂದಾಗ ‘ಇನ್ನೊಮ್ಮೆ ಪರಿಶೀಲಿಸೋಣ’ ಎನ್ನುವ ಅಧಿಕಾರ ಮತ್ತಾರಿಗಾದರೂ ಇದೆಯೆ? ಸ್ಥಾವರದೊಳಗಿನ ಸಾಮಾನ್ಯ ನೌಕರನೊಬ್ಬ ತಪ್ಪು ಕಂಡು ಬರೆದರೆ ಅವನ ಹೆಸರು ಗುಟ್ಟಾಗಿ ಉಳಿಯುತ್ತದೆಯೆ?

ನಾನು ಪರಮಾಣು ವಿದ್ಯುತ್ತಿನ ವಿರೋಧಿಯಲ್ಲ. ಹೊಗೆಯಿಲ್ಲದ ವಿದ್ಯುತ್ತು ದೇಶಕ್ಕೆ ಬೇಕು. ಕಲ್ಲಿದ್ದಲಿನ ಬೂದಿಯ ನಡುವೆ ಉಸಿರಾಡುವವರ ಕಷ್ಟವೂ ಕಷ್ಟವೇ. ಕೈಗಾಕ್ಕೆ ಸಮುದ್ರದ ಅಲೆ ತಲಪಲಾರದು. ಅಲ್ಲಿ ಕೇಳಬೇಕಾದುದು ಕಾಳಿಯ ಮೇಲಿನ ಅಣೆಕಟ್ಟುಗಳ ಮಾತು. ಒಂದೊಂದು ಸ್ಥಳಕ್ಕೆ ಒಂದೊಂದು ಪ್ರಶ್ನೆಯಿರುತ್ತದೆ. ಅದನ್ನು ಕೇಳುವ ಅಧಿಕಾರವುಳ್ಳವನು, ಉತ್ತರ ಒಪ್ಪಿಗೆಯಾಗದಿದ್ದರೆ ಯಾರ ಮುಖವನ್ನೂ ನೋಡದೆ ‘ಆಗದು’ ಎಂದು ಬರೆಯುವಂತಿರಬೇಕು. ಅಷ್ಟೇ ನನ್ನ ಅಹವಾಲು.

ಮಂಡಳಿಯ ವಾರ್ಷಿಕ ವರದಿಗಳು ಅದರ ಜಾಲತಾಣದಲ್ಲಿ ಯಾರಿಗಾದರೂ ಸಿಕ್ಕುತ್ತವೆ. ಕಾಲೇಜು ಓದುವ ಮಕ್ಕಳಿರುವ ಮನೆಗಳಲ್ಲಿ ಒಂದು ಭಾನುವಾರ ಬಿಡುವು ಮಾಡಿಕೊಂಡು, ತಮಗೆ ಹತ್ತಿರದ ಸ್ಥಾವರದ ಪುಟವನ್ನು ಮಕ್ಕಳಿಂದ ಓದಿಸಿ ಕೇಳಿ. ಅಣುಶಕ್ತಿನಗರದಲ್ಲಿಯೂ ಕಲ್ಪಾಕ್ಕಂನಲ್ಲಿಯೂ ಕೈಗಾದಲ್ಲಿಯೂ ದುಡಿಯುತ್ತಿರುವ, ದುಡಿದು ನಿವೃತ್ತರಾದ ಕನ್ನಡಿಗರು ನಮ್ಮ ವಾಚಕರಲ್ಲಿಯೂ ಇದ್ದಾರು. ಅವರು ತಾವು ಕಂಡುದನ್ನು ನಾಲ್ಕು ಮಾತಿನಲ್ಲಿ ಬರೆದು ಕಳುಹಿಸಿದರೆ, ಮುಂದಿನ ಸಂಚಿಕೆಯಲ್ಲಿ ಈ ಪುಟವನ್ನು ಸಂತೋಷದಿಂದ ಅವರಿಗೆ ಬಿಟ್ಟುಕೊಡುತ್ತೇನೆ.