ಸವಳು ಭೂಮಿಯೂ ಕಲಾ ವಿದ್ಯಾರ್ಥಿಗಳೂ

ಸಂಶೋಧನೆಯೆಂದರೆ ವಿಜ್ಞಾನ ಕಲಿತವರ ಕೆಲಸ, ಅದರ ಗೊಡವೆ ನಮಗೇಕೆ ಎಂದು ಗೆಳೆಯರು ಕೇಳುವುದುಂಟು. ವಿದ್ಯಾಸಂಸ್ಥೆ, ಉದ್ಯಮ, ಸರ್ಕಾರ ಈ ಮೂರೂ ಕೂಡಿ ನಡೆಸುವ ಸಂಶೋಧನೆಯಲ್ಲಿ ಕಲಾ ವಿದ್ಯಾರ್ಥಿಗಳಿಗೂ ಒಂದು ಪಾಲುಂಟೆಂಬುದು ನನ್ನ ಅಭಿಪ್ರಾಯ.

ಇಂಥ ಕೂಟವು ನಮ್ಮ ನಾಡಿಗೆ ಹೊಸದಲ್ಲ. ಜಮಶೇಟಜಿ ಟಾಟಾ ಅವರ ದಾನ, ಮೈಸೂರು ಸಂಸ್ಥಾನದ 371 ಎಕರೆ ಭೂಮಿ, ಇವುಗಳ ಬಲದಿಂದಲೇ 1909ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿತು. ಅಷ್ಟು ದೂರವೇಕೆ? ನಮ್ಮ ಕೃಷ್ಣಾ ತೀರದಲ್ಲಿಯೇ ಒಂದು ಉದಾಹರಣೆಯಿದೆ.

ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿಗಳ ಎರೆಭೂಮಿಗೆ ನೀರು ಬಂದಿತು, ಕಬ್ಬು ಬಂದಿತು, ಸಕ್ಕರೆ ಕಾರ್ಖಾನೆಗಳು ಬಂದವು. ಆದರೆ ಅತಿಯಾದರೆ ಅಮೃತವೂ ವಿಷವಲ್ಲವೆ? ಹೆಚ್ಚಾಗಿ ಹಾಯಿಸಿದ ನೀರು ಕೆಳಗೆ ನಿಂತು ಮೇಲಕ್ಕೇರಿತು. ಅದು ಆರಿದ ಕಡೆ ಉಪ್ಪು ಉಳಿಯಿತು. ಬಂಗಾರದಂಥ ಹೊಲಗಳು ಸವಳು-ಜವಳಾದವು.

2010ರ ಆಸುಪಾಸಿನ ವರ್ಷಗಳಲ್ಲಿ ಉಗಾರ ಬುದ್ರುಕದಲ್ಲಿ ಸರ್ಕಾರ, ಕರ್ನಾಲಿನ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆ, ಸಾಂಗಲಿಯ ಕೊಳವೆ ಕಂಪನಿ ಇವು ಕೂಡಿ ಇದಕ್ಕೆ ಪರಿಹಾರ ಹೂಡಿದವು. ತೂತುಳ್ಳ ಕೊಳವೆಗಳಿಗೆ ಸೋಸುಬಟ್ಟೆ ಸುತ್ತಿ, ಸುಮಾರು ಒಂದು ಮೀಟರ್ ಆಳದಲ್ಲಿ ಸಾಲುಸಾಲಾಗಿ ಹೂಳುವುದು. ಉಪ್ಪು ಕರಗಿದ ನೀರು ಅವುಗಳಲ್ಲಿ ಬಸಿದು ಹಳ್ಳ ಸೇರುವುದು. ನೂರಾರು ಹೆಕ್ಟೇರುಗಳಲ್ಲಿ ಈ ಕಾರ್ಯ ನಡೆಯಿತು.

ಇಲ್ಲಿಯೇ ನಮ್ಮ ಪಾಲು ಮೊದಲಾಗುತ್ತದೆ. ಕೊಳವೆಯ ಲೆಕ್ಕ ಎಂಜಿನಿಯರನದು, ನಿಜ. ಆದರೆ ನೀರು ಹಾಯ್ದುಹೋಗುವ ಹೊಲ ನೆರೆಯವನದು. ಒಬ್ಬನೇ ರೈತ ಇದನ್ನು ಮಾಡಲಾರ. ಹತ್ತು ಮಂದಿಯ ಹುಲ್ಲುಕಡ್ಡಿ ಒಬ್ಬನಿಗೆ ತಲೆಹೊರೆ. ಊರು ಒಪ್ಪುವುದು ಹೇಗೆ? ಖರ್ಚು ಹೊರುವವರಾರು? ಕೊಳವೆ ಕಟ್ಟಿಕೊಂಡರೆ ತೆಗೆಸುವವರಾರು? ಹಳ್ಳಕ್ಕೆ ಬಿಟ್ಟ ಉಪ್ಪುನೀರನ್ನು ಕೆಳಗಿನ ಊರಿನವರು ಏನು ಮಾಡಬೇಕು? ಇವು ಅರ್ಥಶಾಸ್ತ್ರದ, ಸಮಾಜಶಾಸ್ತ್ರದ, ಭೂಗೋಲದ ಪ್ರಶ್ನೆಗಳು.

ಉದ್ಯಮದ ಹಣ ಬಂದರೆ ವಿದ್ಯೆ ಅದಕ್ಕೆ ಆಳಾಗುವುದೆಂಬ ಭಯ ಕೆಲವರಿಗಿದೆ. ಆ ಭಯ ಸುಳ್ಳಲ್ಲ. ಟನ್ನಿಗೆ ಎಷ್ಟು ಸಕ್ಕರೆ ಎಂದು ಕಾರ್ಖಾನೆ ಕೇಳುತ್ತದೆ. ಎಷ್ಟು ಕೊಳವೆ ಬೇಕೆಂದು ಕಂಪನಿ ಕೇಳುತ್ತದೆ. ಮೊಮ್ಮಗನ ಕಾಲಕ್ಕೂ ಈ ಹೊಲ ಬೆಳೆದೀತೇ ಎಂದು ಕೇಳುವವನು ರೈತನೊಬ್ಬನೆ. ಅವನ ಪ್ರಶ್ನೆಯನ್ನು ಮುಂದಿಡುವವರು ಬೇಕು. ಹಾಗೆಂದು ಹಣವನ್ನು ದೂರವಿಡುವುದು ಪರಿಹಾರವಲ್ಲ. ಫಲಿತಾಂಶವೆಲ್ಲ ಬಹಿರಂಗವಾಗಬೇಕು, ಕನ್ನಡದಲ್ಲಿ ಊರಿನ ಪಂಚಾಯತಿಗೆ ತಲುಪಬೇಕು ಎಂಬ ಕರಾರು ಮೊದಲೇ ಇರಲಿ.

ಸಂಕೇಶ್ವರದಲ್ಲಿಯೂ ನಿಪ್ಪಾಣಿಯಲ್ಲಿಯೂ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರಗಳಿವೆ. ನಮ್ಮ ಪ್ರಾಧ್ಯಾಪಕರು ಅವರೊಡನೆ ಮಾತನಾಡಲಿ. ವರ್ಷಕ್ಕೊಂದು ಹಳ್ಳಿಯಲ್ಲಿ ಮನೆಮನೆಗೆ ಹೋಗಿ ಭೂಮಿಯ ಲೆಕ್ಕ ಬರೆದು ತರಲು ನಾವು ಸಿದ್ಧರಿದ್ದೇವೆ. ನಮ್ಮಲ್ಲಿ ಬಹುಮಂದಿ ಆ ಹೊಲಗಳ ಮಕ್ಕಳೇ. ಹೊಲ ಸವಳಾದ ಮೇಲೆ ಪದವಿಯೊಂದನ್ನೇ ನಂಬಿ ಎಷ್ಟು ಮನೆಗಳು ನಿಂತಾವು?