ಸಣ್ಣಾಟವೂ ಮನೋರೋಗವೂ

ಬೈಲಹೊಂಗಲದಲ್ಲಿ ನಡೆದ ಕೊಲೆಯ ಕಥೆಯೇ ‘ಸಂಗ್ಯಾ ಬಾಳ್ಯಾ’ ಸಣ್ಣಾಟ. ಮನೆಯವರು ಮುಚ್ಚಿಡಬಯಸುವ ಸಂಗತಿಯನ್ನು ಅದು ಊರ ನಡುವೆ ತಂದು ಹಾಡಿತು. ಜನ ರಾತ್ರಿಯಿಡೀ ಕುಳಿತು ಕೇಳಿದರು.

ಮನೋರೋಗವೂ ಕುಡಿತದ ಚಟವೂ ಇಂದಿಗೂ ಕದವಿಕ್ಕಿದ ಮನೆಯೊಳಗಿನ ನೋವುಗಳೇ. ಕಿತ್ತೂರು, ಸವದತ್ತಿ, ರಾಮದುರ್ಗಗಳಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಬಹುದೂರವೇನಲ್ಲ. ಅದನ್ನು ದೂರಮಾಡಿರುವುದು ‘ಹುಚ್ಚ’ ಎಂಬ ಮಾತು. ಚಿಕಿತ್ಸೆ ಪ್ರತಿಯೊಬ್ಬರ ಹಕ್ಕೆಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ಸಾರಿದರೂ ಆ ಮಾತಿನ ಅಂಜಿಕೆ ಅಳಿದಿಲ್ಲ. ಅದನ್ನು ಕಳೆಯಲು ಈ ನಾಡಿನಲ್ಲಿ ಸಣ್ಣಾಟಕ್ಕಿಂತ ತಕ್ಕ ಸಾಧನ ಬೇರೊಂದಿಲ್ಲ.

ಆದರೆ ರಂಗವು ಮೊದಲು ತನ್ನ ರೂಢಿಯನ್ನೇ ತಿದ್ದಿಕೊಳ್ಳಬೇಕು. ಕುಡುಕನೂ ಹುಚ್ಚನೂ ಅಲ್ಲಿ ಬಹುಮಟ್ಟಿಗೆ ನಗಿಸುವ ಪಾತ್ರಗಳು. ಇನ್ನು ಅಂಥವನ ತಾಯಿಯೂ ಹಾಡಲಿ. ಔಷಧಿ ಸೇವಿಸಿ ಮತ್ತೆ ಹೊಲಕ್ಕೆ ನಡೆದವನೂ ಕುಣಿಯಲಿ. ನೋಡುವವರ ನಡುವೆ ಅಂಥ ಮನೆಯವರೂ ಕುಳಿತಿರುತ್ತಾರೆ.