ಮೀನು ಆಗಿಬರದವರ ರಕ್ತಪರೀಕ್ಷೆ: ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಬೀದರ್ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ,

ಮೃಗಶಿರಾ ಮಳೆ ಕೂಡಿತೆಂದರೆ ಗಡಿಯಾಚೆಯ ತೆಲಂಗಾಣದಂತೆ ಬೀದರ್ ಸೀಮೆಯಲ್ಲೂ ಮೀನಿಗೆ ಬೇಡಿಕೆ. ಔರಾದ್ ರಸ್ತೆಯ ಜನವಾಡದ ಮನೆಯೊಂದರಲ್ಲಿ ಕಟ್ಲಾ ಸಾರು ಉಂಡ ಹುಡುಗನಿಗೆ ಹತ್ತೇ ನಿಮಿಷದಲ್ಲಿ ತುಟಿ ಊದಿ, ಕುತ್ತಿಗೆ ತುಂಬ ದದ್ದೆದ್ದಿತು ಎಂದುಕೊಳ್ಳಿ. 'ಇವನಿಗೆ ಮೀನು ಆಗಿಬರಲ್ಲ' ಎನ್ನುತ್ತಾಳೆ ಅಜ್ಜಿ. ಆಕೆಯ ಮಾತು ನಿಜವಿರಬಹುದು. ಖಾತ್ರಿ ಮಾಡಿಕೊಳ್ಳುವುದು ಹೇಗೆ?

ಉತ್ತರ ಸಿಕ್ಕಿದ್ದೂ ಮೀನಿನಿಂದಲೇ. ಜರ್ಮನಿಯ ವೈದ್ಯ ಹೈಂಜ್ ಕುಸ್ಟ್ನರ್ ಅವರಿಗೆ ಮೀನು ಆಗುತ್ತಿರಲಿಲ್ಲ. ಅವರ ಸೀರಮ್ಮನ್ನು ಸಹೋದ್ಯೋಗಿ ಕಾರ್ಲ್ ಪ್ರೌಸ್ನಿಟ್ಸ್ ತಮ್ಮ ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಂಡರು. ಮರುದಿನ ಅದೇ ಜಾಗಕ್ಕೆ ಮೀನಿನ ರಸ ಚುಚ್ಚಿದಾಗ ದದ್ದೆದ್ದಿತು. ಇದು 1921ರ ಮಾತು. ಹೀಗೆ ದದ್ದೆಬ್ಬಿಸಿದ, ರಕ್ತದೊಳಗಿನ ಪದಾರ್ಥಕ್ಕೆ ಐಜಿಇ ಎಂದು ಹೆಸರಿಟ್ಟದ್ದು 1968ರಲ್ಲಿ.

ಗೊಂದಲ ಇರುವುದು ಇಲ್ಲೇ. ರಕ್ತದಲ್ಲಿನ ಒಟ್ಟು ಐಜಿಇ, ಅಂದರೆ 'ಟೋಟಲ್ ಐಜಿಇ', ಜಂತುಹುಳುವಿದ್ದರೂ ಏರುತ್ತದೆ, ಉಬ್ಬಸವಿದ್ದರೂ ಏರುತ್ತದೆ. ಮೀನಿನ ವಿಷಯ ಅದರಿಂದ ತಿಳಿಯದು. ಬೇಕಾದದ್ದು ಮೀನಿಗೇ ಮೀಸಲಾದ 'ಸ್ಪೆಸಿಫಿಕ್ ಐಜಿಇ'. ಅದರಲ್ಲೂ ಪ್ರಯೋಗಾಲಯಗಳು ಹೆಚ್ಚಾಗಿ ಬಳಸುವುದು ಶೀತಲ ಕಡಲಿನ ಕಾಡ್ ಮೀನು. ಬೀದರ್ ಜನ ಉಣ್ಣುವುದು ಕಾರಂಜಾ ಜಲಾಶಯದಂಥ ಸಿಹಿನೀರಿನ ರೋಹು, ಕಟ್ಲಾ. ಎಷ್ಟು ಕುದಿಸಿದರೂ ಜಗ್ಗದ ಪಾರ್ವಾಲ್ಬುಮಿನ್ ಎಂಬ ಪ್ರೋಟೀನು ಎರಡರಲ್ಲೂ ಇರುವುದರಿಂದ ಆ ಪರೀಕ್ಷೆಯೂ ಬಹುಮಟ್ಟಿಗೆ ಉಪಯೋಗಕ್ಕೆ ಬರುತ್ತದೆ. ಎಲ್ಲರಲ್ಲೂ ಅಲ್ಲ.

ವರದಿಯಲ್ಲಿ ಸ್ಪೆಸಿಫಿಕ್ ಐಜಿಇ ಪ್ರಮಾಣ 0.35 kUA/L ದಾಟಿದ ಮಾತ್ರಕ್ಕೆ ಅಲರ್ಜಿ ಇದೆ ಎಂದಲ್ಲ. ನೆಮ್ಮದಿಯಾಗಿ ಮೀನು ತಿನ್ನುವವರಲ್ಲೂ ಅದು ಕಾಣಬಹುದು. ಕೆಟ್ಟ ಬಂಗಡೆ ತಿಂದರೂ ಮೈ ಕೆಂಪಾಗುತ್ತದೆ, ಅದು ಅಲರ್ಜಿಯೇ ಅಲ್ಲ. ಏನು ತಿಂದ, ಎಷ್ಟು ಹೊತ್ತಿಗೆ ಏನಾಯಿತು ಎಂದು ಮೊದಲು ಕೇಳಬೇಕು. ಕೇಳದೆ ಬರೆದ ಪರೀಕ್ಷೆ ಬಡವರ ಮಗುವಿನ ತಟ್ಟೆಯಿಂದ ಪೌಷ್ಟಿಕ ಆಹಾರವನ್ನು ಸುಮ್ಮನೆ ಕಿತ್ತುಕೊಳ್ಳುತ್ತದೆ.

ಆದ್ದರಿಂದ ಕೋರಿಕೆ ಇಷ್ಟು: ಭಾಲ್ಕಿ, ಔರಾದ್ ತಾಲ್ಲೂಕು ಆಸ್ಪತ್ರೆಗಳಲ್ಲೇ ರಕ್ತ ತೆಗೆದು, ಸೀರಮ್ ಬೇರ್ಪಡಿಸಿ, ಮಂಜುಗಡ್ಡೆ ಡಬ್ಬಿಯಲ್ಲಿ ಪ್ರಯೋಗಾಲಯಕ್ಕೆ ಕಳಿಸುವ ವ್ಯವಸ್ಥೆಯಾಗಲಿ. ಅದಕ್ಕಾಗಿ ರೋಗಿಯೇ ಹೈದರಾಬಾದಿಗೆ ಹೋಗಬೇಕಿಲ್ಲ. ಮೀನುಗಾರಿಕೆಯನ್ನು ಹೆಸರಲ್ಲೇ ಹೊತ್ತ ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಬೀದರಿನ ನಂದಿನಗರದಲ್ಲಿದೆ. ವೈದ್ಯಕೀಯ ಕಾಲೇಜು ಬ್ರಿಮ್ಸ್ ಕೂಡ ಇದೇ ಊರಲ್ಲಿದೆ. ಎರಡೂ ಕಡೆಯ ತಜ್ಞರನ್ನು ಕೂಡಿಸಿ, ಇಲ್ಲಿನ ಮೀನಿಗೆ ಯಾವ ಪರೀಕ್ಷೆ ಸರಿ ಎಂದು ಕನ್ನಡದಲ್ಲಿ ಒಂದು ಪುಟದ ಸೂಚನೆ ಹೊರಡಿಸಿ.

ಉಸಿರು ಕಟ್ಟಿದಾಗ ಯಾವ ಪರೀಕ್ಷೆಗೂ ಕಾಯುವಂತಿಲ್ಲ. ಆಗ ತೊಡೆಗೆ ಅಡ್ರಿನಲಿನ್ ಸೂಜಿಯೇ ಮೊದಲು. ಮುಂದಿನ ಮೃಗಶಿರಾ ಮಳೆಯ ಒಳಗೆ ಜನವಾಡದಂಥ ಪ್ರತಿ ಊರಿನ ಸರಕಾರಿ ದವಾಖಾನೆಯಲ್ಲಿ ಆ ಔಷಧಿ, ಅದನ್ನು ಕೊಡಬಲ್ಲವರು ಇರುವಂತೆ ತಾವು ನೋಡಿಕೊಳ್ಳಬೇಕು.